ಕತ್ತರಿಸುವ ಚಿತ್ರ ಬೇಡ, ಮಾಡುವ ಬಗೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುರವಣಿಯಲ್ಲಿ ಮೊನ್ನೆ ‘ಕತ್ತರಿಸಿ, ಪುಸ್ತಕದಲ್ಲಿಡಿ’ ಅಂತ ಬುಕ್‌ಮಾರ್ಕ್ ಚಿತ್ರಗಳು ಬಂದಿದ್ದವು. ನವಿಲು, ಆನೆ, ಮಂಗಟ್ಟೆ ಹಕ್ಕಿ, ಎಲ್ಲವೂ ಚೆನ್ನಾಗಿದ್ದವು. ನಮ್ಮ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಬರುವ ಮಕ್ಕಳು ಅವತ್ತೇ ಕತ್ತರಿ ಕೇಳಿದರು. ಮಕ್ಕಳ ಕೈಯಲ್ಲಿ ಪುಸ್ತಕ ಇರಬೇಕು ಅನ್ನುವ ನಿಮ್ಮ ಆಸೆ ನನ್ನದೂ ಹೌದು. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ: ಮುಂದಿನ ಸಲ ಕತ್ತರಿಸುವ ಚಿತ್ರ ಬೇಡ. ಮಕ್ಕಳು ತಾವೇ ಬುಕ್‌ಮಾರ್ಕ್ ಮಾಡಿಕೊಳ್ಳುವ ಬಗೆಯನ್ನು ಬರೆಸಿ.

ಮೊದಲನೆಯದು ಕಾಗದದ ಮಾತು. ಪತ್ರಿಕೆಯ ಕಾಗದ ಓದಿ ಮಡಚಿಡುವುದಕ್ಕೆ ಸರಿ, ಪುಸ್ತಕದೊಳಗೆ ಇಡುವಂಥದ್ದಲ್ಲ. ಅದು ಹೆಚ್ಚಾಗಿ ಮರವನ್ನು ಅರೆದು ಮಾಡಿದ ಕಾಗದ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಅದರಲ್ಲಿ ಹಾಗೇ ಉಳಿದಿರುತ್ತದೆ. ಕಾಲ ಕಳೆದ ಹಾಗೆ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ, ಪಕ್ಕದ ಪುಟವನ್ನೂ ಹಾಳು ಮಾಡುತ್ತದೆ. ನಮ್ಮ ಕಪಾಟಿನಲ್ಲಿರುವ ಒಂದು ಹಳೇ ಕಾದಂಬರಿಯ ನಡುವೆ ಯಾರೋ ಪತ್ರಿಕೆಯ ತುಣುಕು ಇಟ್ಟು ಮರೆತಿದ್ದರು. ತುಣುಕನ್ನು ತೆಗೆದೆ, ಕಲೆ ಹೋಗಲಿಲ್ಲ. ಎದುರುಬದುರು ಎರಡೂ ಪುಟದ ಮೇಲೆ ಕಂದು ಬಣ್ಣದ ಉದ್ದನೆಯ ಪಟ್ಟಿ ಬಿದ್ದಿದೆ. ಅದರ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ.

ಎರಡನೆಯದು ನನಗೆ ಇನ್ನೂ ದೊಡ್ಡದು. ಕತ್ತರಿಸಿಕೊಂಡ ನವಿಲು ಯಾವ ಪುಸ್ತಕಕ್ಕೆ ಅಂತ ಮಗುವಿಗೆ ಗೊತ್ತಿರುವುದಿಲ್ಲ. ತಾನೇ ಮಾಡುವಾಗ ಹಾಗಲ್ಲ. ಮಗು ಮೊದಲು ಪುಸ್ತಕವನ್ನು ಕೈಗೆ ತೆಗೆದುಕೊಂಡು ಅಳತೆ ನೋಡಲೇಬೇಕು. ನಮ್ಮಲ್ಲಿ ನಿಯಮವೇ ಹಾಗೆ ಮಾಡಿದ್ದೇವೆ. ಕಾಗದ, ಕತ್ತರಿ ಸಿಗಬೇಕಾದರೆ ಎಡಗೈಯಲ್ಲಿ ಓದುತ್ತಿರುವ ಪುಸ್ತಕ ಇರಬೇಕು. ಪುಸ್ತಕ ಇಲ್ಲದವರು ಕಪಾಟಿನ ಹತ್ತಿರ ಹೋಗಿ ಒಂದನ್ನು ಆರಿಸಿಕೊಂಡು ಬರುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಹೆಸರು ಬರೆಸುವವರಿಗೆ ಕೊರತೆ ಇಲ್ಲ. ಒಯ್ದ ಪುಸ್ತಕವನ್ನು ಮುಗಿಸಿ ತರುವವರು ಬೇಕು. ಅಲ್ವಾ?

ಮಕ್ಕಳು ಮಾಡುವ ಬುಕ್‌ಮಾರ್ಕ್ ಪಟ್ಟಿಯ ಹಿಂಬದಿಯನ್ನು ನಾವು ಖಾಲಿ ಬಿಡಿಸುತ್ತೇವೆ. ಓದುವಾಗ ಗೊತ್ತಾಗದ ಪದ ಸಿಕ್ಕರೆ ಅಲ್ಲಿ ಬರೆಯುವುದು. ಪುಸ್ತಕ ವಾಪಸ್ ಬರುವಾಗ ಪಟ್ಟಿ ಅದರೊಳಗೇ ಉಳಿಯುತ್ತದೆ, ಮುಂದಿನ ಓದುಗರಿಗೆ ಹೋಗುತ್ತದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ‘ಹಗೇವು’ ಅಂತ ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದಳು. ನಮ್ಮ ಮಲೆನಾಡಿನ ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು? ಅದೇ ಪುಸ್ತಕ ಒಯ್ದ ಇನ್ನೊಬ್ಬ ಹುಡುಗ ಕೆಳಗೆ ಪೆನ್ಸಿಲಿನಲ್ಲಿ ‘ಭತ್ತ ಹಾಕೋ ಗುಂಡಿ ಇರಬಹುದು’ ಅಂತ ಬರೆದ. ಆಮೇಲೆ ನೀಲಿ ಪೆನ್ನಿನಲ್ಲಿ, ದೊಡ್ಡವರ ಅಕ್ಷರದಲ್ಲಿ ಉತ್ತರ ಬಂತು: ‘ಜೋಳ. ನೆಲದೊಳಗೆ ತುಂಬಿಡುತ್ತಾರೆ. ನಮ್ಮ ತವರಲ್ಲಿ ಇತ್ತು.’ ಬರೆದವರು ಯಾರೆಂದು ನಾನು ಕೇಳಲಿಲ್ಲ. ಮುದ್ರಿತ ನವಿಲಿನ ಹಿಂದೆ ಜಾಹೀರಾತು ಇರುತ್ತದೆ. ಅಲ್ಲಿ ಇದಕ್ಕೆ ಜಾಗ ಎಲ್ಲಿ?

ಕಾಗದ ಎಲ್ಲಿಂದ ತರುವುದು ಅಂತ ಬೇರೆ ಊರಿನ ಮೇಲ್ವಿಚಾರಕರು ಕೇಳುತ್ತಾರೆ. ಮದುವೆ ಕಾರ್ಡು. ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುತ್ತದೆ. ಗಣಪತಿ ಚಿತ್ರ ಇದೆ, ಮೂಲೆಗೆ ಅರಿಶಿನ ಹಚ್ಚಿದೆ ಅಂತ ಯಾರೂ ಬಿಸಾಕುವುದಿಲ್ಲ. ದೇವರ ಚಿತ್ರವನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿಕೊಳ್ಳಿ ಅಂದರೆ ಅಜ್ಜಿಯರೂ ಒಪ್ಪುತ್ತಾರೆ. ಹೊರಗಿನ ಮಿರಿಮಿರಿ ರಟ್ಟು ಬೇಡ. ದಪ್ಪದ್ದನ್ನು ಇಟ್ಟರೆ ಪುಸ್ತಕದ ಬೆನ್ನು ಬಾಯಿ ಬಿಡುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಒಳಗಿನ ಹಾಳೆ ಸಾಕು. ಅದೂ ಸಿಗದಿದ್ದರೆ ಡ್ರಾಯಿಂಗ್ ಹಾಳೆ. ನಮ್ಮ ಕಾದಂಬರಿ, ಕಥೆ ಪುಸ್ತಕಗಳಲ್ಲಿ ಡೆಮಿ 1/8 ಅಳತೆಯವೇ (ಸುಮಾರು 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಉದ್ದ) ಜಾಸ್ತಿ. ಅವಕ್ಕೆ 5 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರಿಗೆ ಒಂದು ಕೂದಲೆಳೆ ಕಡಿಮೆ ಉದ್ದ ಹಿಡಿದರೆ ಒಂದು ಎ4 ಹಾಳೆಯಲ್ಲಿ 8 ಪಟ್ಟಿ ಬರುತ್ತವೆ.

ಕತ್ತರಿಸುವ ಮೊದಲು ಕಾಗದದ ನಾರು ಯಾವ ಕಡೆ ಓಡುತ್ತದೆ ನೋಡಬೇಕು. ಮಕ್ಕಳಿಗೆ ಇದು ತುಂಬಾ ಇಷ್ಟದ ಕೆಲಸ. ಹಳೇ ಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಹರಿಯುತ್ತದೆ. ಅಡ್ಡ ಹರಿಯಿರಿ, ಸೊಟ್ಟ ಸೊಟ್ಟ ಹೋಗುತ್ತದೆ. ನಾರು ಮೇಲಿಂದ ಕೆಳಕ್ಕೆ ಇದೆ ಅಂತ ಅರ್ಥ. ಕಾರ್ಡನ್ನು ಹರಿಯುವುದು ಬೇಡ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಸಾಕು. ಯಾವ ಕಡೆ ಸಲೀಸಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೇ ನಾರು. ಪಟ್ಟಿಯ ಉದ್ದವೂ ಆ ಕಡೆಗೇ ಇರಲಿ. ಅಡ್ಡ ನಾರಿನ ಪಟ್ಟಿ ಪುಸ್ತಕದಿಂದ ತಲೆ ಹೊರಗೆ ಹಾಕಿದ ಕಡೆ ಬೇಗ ಬಾಗುತ್ತದೆ.

ಬಣ್ಣಕ್ಕೆ ನಮ್ಮ ಸಾಗರದ ಕಡೆ ಅಂಗಡಿಗೆ ಹೋಗಬೇಕಾಗಿಲ್ಲ. ಭೂಮಿ ತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ, ಎಡೆ ಒಯ್ಯುವ ಬುಟ್ಟಿಗೆ ಬಳಿದ ಕೆಮ್ಮಣ್ಣು ಮನೆಯಲ್ಲಿ ಉಳಿದಿರುತ್ತದೆ. ಇಲ್ಲಿನ ದೀವರ ಸಮುದಾಯದ ಹೆಂಗಸರು ಆ ಬುಟ್ಟಿಯ ಮೇಲೂ ಮದುವೆ ಮನೆಯ ಗೋಡೆಯ ಮೇಲೂ ಬರೆಯುವ ಚಿತ್ತಾರವನ್ನು ನಮ್ಮ ಮಕ್ಕಳು ನೋಡಿಕೊಂಡೇ ಬೆಳೆದವರು. ಊರಿನ ಅಮ್ಮ ಒಬ್ಬರು ಬಂದು ಜೋಗಿಜಡೆ ಅನ್ನುವ ಚಿತ್ತಾರದ ಎಳೆ ಹಾಕುವುದನ್ನು ತೋರಿಸಿಕೊಟ್ಟರು. ಪುಂಡಿ ನಾರಿನ ಕುಂಚ ಹಿಡಿದು, ಒಂದು ಎಳೆ ಪೂರ್ತಿ ಮುಗಿಯುವ ತನಕ ಕೈ ಎತ್ತಬಾರದು ಅಂತ ಹೇಳಿದರು. ಮಾತಾಡುತ್ತಾ ಕೂತಿದ್ದ ಹುಡುಗರೆಲ್ಲ ಸುಮ್ಮನಾದರು. ಗೋಡೆಯ ಚಿತ್ತಾರದಲ್ಲಿ ಬಿಳಿ ಬರುವುದು ಅರೆದ ಅಕ್ಕಿಯಿಂದ. ಬುಟ್ಟಿಗೆ, ಗೋಡೆಗೆ ಅದು ಸರಿ. ಪುಸ್ತಕದೊಳಗೆ ಹೋದರೆ ಹುಳ ಹುಡುಕಿಕೊಂಡು ಬರುತ್ತದೆ. ಹಾಗಾಗಿ ನಾವು ಕೆಮ್ಮಣ್ಣಿನಲ್ಲಿ ಮಾತ್ರ ಗೆರೆ ಎಳೆಯುತ್ತೇವೆ, ಬಿಳಿಯನ್ನು ಕಾಗದಕ್ಕೇ ಬಿಡುತ್ತೇವೆ. ಮೈದಾ ಅಂಟೂ ಇದೇ ಕಾರಣಕ್ಕೆ ಬೇಡ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಬೇಕು. ಒಣಗಿದ ಮೇಲೆ ಉಜ್ಜಿ ನೋಡಿ, ಬೆರಳಿಗೆ ಕೆಂಪು ಹತ್ತದಿದ್ದರೆ ಮಾತ್ರ ಪುಸ್ತಕಕ್ಕೆ. ಮಳೆಗಾಲದಲ್ಲಿ ಆತುರ ಬೇಡ. ಹಸಿ ಪಟ್ಟಿ ಒಳಗಿಟ್ಟರೆ ಪುಟಕ್ಕೆ ಬೂಸ್ಟು ಹಿಡಿಯುತ್ತದೆ.

ಇನ್ನು ಮಿಂಚಿನ ಪುಡಿ, ಮಣಿ, ಐಸ್‌ಕ್ರೀಂ ಕಡ್ಡಿ, ಲ್ಯಾಮಿನೇಷನ್. ಇವೆಲ್ಲ ಪೊಟ್ಟಣ ಕಟ್ಟಿ ಮಾರಾಟಕ್ಕೆ ಬಂದಿವೆ. ನಮಗೆ ಬೇಡ. ಲ್ಯಾಮಿನೇಷನ್ ಮಾಡಿದ ಪಟ್ಟಿಯ ಮೇಲೆ ಪೆನ್ಸಿಲ್ ಓಡುವುದಿಲ್ಲ, ಪುಟದಿಂದ ಜಾರಿ ಬೀಳುತ್ತದೆ.

ಸ್ಪರ್ಧೆಯನ್ನಂತೂ ಖಂಡಿತ ಇಡಬಾರದು. ಬಹುಮಾನ ಅಂದ ಕೂಡಲೇ ಅಪ್ಪ ಅಮ್ಮ ಬಂದು ಕತ್ತರಿ ಹಿಡಿಯುತ್ತಾರೆ. ಮಗು ಪಕ್ಕದಲ್ಲಿ ನಿಂತು ನೋಡುತ್ತದೆ. ಗೆದ್ದ ಪಟ್ಟಿ ಗಾಜಿನ ಚೌಕಟ್ಟಿಗೆ ಹೋಗುತ್ತದೆ, ಸೋತದ್ದು ಕಸಕ್ಕೆ. ಎರಡೂ ಪುಸ್ತಕದೊಳಗೆ ಬರುವುದಿಲ್ಲ. ಗೆರೆ ಸೊಟ್ಟಗಿದ್ದರೂ ಪುಟ ತಪ್ಪುವುದಿಲ್ಲವಲ್ಲ.

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಅದಕ್ಕೆ ಮೊದಲು ಒಂದು ಭಾನುವಾರ ನಿಮ್ಮ ಪುರವಣಿಯಲ್ಲಿ ಅರ್ಧ ಪುಟ ಕೊಟ್ಟರೆ ಸಾಕು. ಅಳತೆ, ನಾರು ನೋಡುವ ಬಗೆ, ಯಾವ ಕಾಗದ, ಯಾವುದು ಬೇಡ, ಇಷ್ಟು ಬರೆಸಿ. ಪ್ರತಿ ಊರಿನ ಮಕ್ಕಳೂ ತಮ್ಮ ಕಡೆಯ ಬಣ್ಣ, ತಮ್ಮ ಕಡೆಯ ಗೆರೆ ಹಾಕಿಕೊಳ್ಳಲಿ. ಸಪ್ತಾಹದ ದಿನಗಳಲ್ಲಿ ಅರಿವು ಕೇಂದ್ರದಿಂದ ಹೊರಡುವ ಪ್ರತಿ ಪುಸ್ತಕದೊಳಗೂ ಮಕ್ಕಳು ಮಾಡಿದ ಒಂದು ಪಟ್ಟಿ ಇರಲಿ, ದೊಡ್ಡವರು ಒಯ್ಯುವ ಪುಸ್ತಕಕ್ಕೂ ಸೇರಿ.

ಓದುಗರಲ್ಲೂ ಒಂದು ಕೋರಿಕೆ. ಈ ಸಲದ ಮದುವೆ ಕಾರ್ಡುಗಳನ್ನು ಅಟ್ಟಕ್ಕೆ ಹಾಕಬೇಡಿ, ನಿಮ್ಮೂರಿನ ಗ್ರಂಥಾಲಯಕ್ಕೆ ತಂದುಕೊಡಿ. ಒಳಗೆ ಒಂದೇ ಬದಿ ಅಚ್ಚಾದ ಹಾಳೆ ಇದ್ದರೆ ಇನ್ನೂ ಒಳ್ಳೆಯದು.

ಇಂತಿ,
ಅರಿವು ಕೇಂದ್ರದ ಮೇಲ್ವಿಚಾರಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ