ಬಿಳಿಸೆರಗಿಗೆ ಹುಳದ ಮಾತ್ರೆ ಮದ್ದಲ್ಲ

ಮಾನ್ಯ ಸಂಪಾದಕರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಹೆಣ್ಣುಮಕ್ಕಳು ಅಂಗಡಿಗೆ ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುವುದುಂಟು: "ಬಿಳಿ ಹೋಗ್ತಿದೆ, ತುಂಬಾ ನವೆ. ಒಂದು ಹುಳದ ಮಾತ್ರೆ ಕೊಡಿ." ನಾಚಿಕೆಗೆ ಗಂಡನನ್ನೋ ಮಗನನ್ನೋ ಕಳಿಸಿದರೆ ಅವರು ಹುಳದ ಮಾತ್ರೆ ಅಂತಷ್ಟೇ ಹೇಳುತ್ತಾರೆ. ನಮ್ಮವರಲ್ಲೂ ಬಹಳ ಜನ ಸುಮ್ನೆ ಆಲ್ಬೆಂಡಜೋಲ್ ಕೊಟ್ಟು ಕಳಿಸುತ್ತಾರೆ. ಕೋವಿಡ್ ನಂತರ ಐವರ್‌ಮೆಕ್ಟಿನ್ ಕೇಳುವವರೂ ಇದ್ದಾರೆ.

ಇಂಥ ಬಿಳಿಸೆರಗು, ನವೆಗೆ ಎಷ್ಟೋ ಸಲ ಕಾರಣ ಯೀಸ್ಟ್ ಸೋಂಕು. ಅದು ಈ ಎರಡರಿಂದಲೂ ವಾಸಿಯಾಗುವುದಿಲ್ಲ. ಯೀಸ್ಟ್ ಹುಳವಲ್ಲ, ಒಂದು ಜಾತಿಯ ಫಂಗಸ್. ಆಲ್ಬೆಂಡಜೋಲ್ ಕೊಟ್ಟರೆ ಹುಳ ಸಕ್ಕರೆ ಹೀರಲಾಗದೆ ಸಾಯುತ್ತದೆ. ಐವರ್‌ಮೆಕ್ಟಿನ್ ಹುಳದ ನರ, ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆ. ಯೀಸ್ಟಿಗೆ ನರವೇ ಇಲ್ಲ! ಅದರ ಹೊರಪೊರೆ ಗಟ್ಟಿಯಾಗಿರಲು ಎರ್ಗೊಸ್ಟೆರಾಲ್ ಎಂಬ ಕೊಬ್ಬು ಬೇಕು. ಅದು ತಯಾರಾಗದಂತೆ ತಡೆಯುವುದು ಫ್ಲುಕೊನಜೋಲ್, ಕ್ಲೋಟ್ರಿಮಜೋಲ್‌ನಂಥ ಫಂಗಸ್ ಔಷಧಿಗಳು. ಕೆಲವು ಹುಳದ ಔಷಧಿಗಳು ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವು ಯೀಸ್ಟ್‌ಗಳನ್ನು ಕುಗ್ಗಿಸಿರುವುದು ನಿಜ. ಆದರೆ ತಟ್ಟೆಯಲ್ಲಿ ಆದದ್ದು ಮೈಯಲ್ಲೂ ಆಗಬೇಕೆಂದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂದು ಯೋಚಿಸಿದರೆ ಜನರನ್ನು ಬೈಯಲು ಮನಸ್ಸಾಗುವುದಿಲ್ಲ. ಸಣ್ಣ ಹುಡುಗಿಯರಿಗೆ ರಾತ್ರಿ ಹೊತ್ತು ಕೆಳಗೆ ನವೆಯಾದರೆ ಅದು ಎಷ್ಟೋ ಸಲ ದಾರದಂಥ ಬಿಳಿ ಹುಳದ್ದೇ ಕಾಟ. ಅವರಿಗೆ ಹುಳದ ಮಾತ್ರೆಯೇ ಸರಿ. ಆ ವಯಸ್ಸಿನಲ್ಲಿ ಯೀಸ್ಟ್ ಸೋಂಕು ಅಪರೂಪ. ದೊಡ್ಡವರಾದ ಮೇಲೆ ಲೆಕ್ಕ ಉಲ್ಟಾ. ಆದರೆ ಮಗಳಿಗೆ ಕೇಳಿದ ಮಾತ್ರೆ ತನಗೂ ಕೇಳುತ್ತದೆ ಎಂದು ತಾಯಿಗೆ ಅನ್ನಿಸುವುದು ಸಹಜ ಅಲ್ವಾ?

ಇನ್ನೊಂದು ಗೊಂದಲ ಸರ್ಕಾರಿ ಆಸ್ಪತ್ರೆಯ ಹಸಿರು ಕಿಟ್‌ನದು. ಬಿಳಿಸೆರಗಿಗೆ ಕೊಡುವ ಆ ಕಿಟ್‌ನಲ್ಲಿ 2 ಗ್ರಾಂ ಸೆಕ್ನಿಡಜೋಲ್, 150 ಮಿಲಿಗ್ರಾಂ ಫ್ಲುಕೊನಜೋಲ್ ಎರಡೂ ಇರುತ್ತವೆ. ಮೊದಲನೆಯದು ಟ್ರೈಕೊಮೊನಾಸ್ ಎಂಬ ಪರಾವಲಂಬಿಗೆ ಮತ್ತು ಕೆಲವು ಬ್ಯಾಕ್ಟೀರಿಯಾಗಳಿಗೆ, ಎರಡನೆಯದು ಯೀಸ್ಟಿಗೆ. ಕಾರಣ ಯಾವುದೆಂದು ಅಲ್ಲೇ ಪರೀಕ್ಷೆ ಮಾಡಲು ಆಗದ ಕಡೆ ಎರಡಕ್ಕೂ ಸೇರಿಸಿ ಕೊಡುವ ಪದ್ಧತಿ ಅದು. ಗುಣವಾದವರಿಗೆ ಯಾವ ಮಾತ್ರೆ ಕೆಲಸ ಮಾಡಿತು ಎಂದು ಗೊತ್ತಾಗುವುದಾದರೂ ಹೇಗೆ? ಆಮೇಲೆ ಅಂಗಡಿಗೆ ಬಂದು ಸೆಕ್ನಿಡಜೋಲ್ ಜಾತಿಯದೇ ಆದ ಮೆಟ್ರೊನಿಡಜೋಲ್ ಒಂದನ್ನೇ ಒಯ್ಯುತ್ತಾರೆ. ಅದು ಯೀಸ್ಟನ್ನು ಮುಟ್ಟುವುದಿಲ್ಲ. ಅದನ್ನು ನುಂಗಿದ ಮೇಲೆಯೇ ಕೆಲವರಿಗೆ ಯೀಸ್ಟ್ ಏಳುವುದೂ ಇದೆ.

ಇದರ ತಿರುವುಮುರುವೂ ಇದೆ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ಸಿಗದೆ ಎಲ್ಲರೂ ಪರದಾಡಿದ ಆಂಫೊಟೆರಿಸಿನ್ ನೆನಪಿದೆಯಲ್ಲ? ಫಂಗಸ್ಸಿನ ಆ ಔಷಧಿಯನ್ನೇ ಬಿಹಾರದ ಕಡೆ ಪರಾವಲಂಬಿಯಿಂದ ಬರುವ ಕಾಲಾ ಅಜಾರ್‌ಗೆ ಕೊಡುತ್ತಾರೆ. ಅದು ಒಂದೊಂದಾಗಿ ಪರೀಕ್ಷಿಸಿ ಸಾಬೀತಾದ ವಿಷಯ, ಅಂದಾಜಿನ ಮೇಲೆ ಕೊಟ್ಟದ್ದಲ್ಲ.

ಒಡೆದ ಮೊಸರಿನ ಹಾಗೆ ದಪ್ಪಗೆ ಹೋಗಿ, ನವೆ ಜಾಸ್ತಿಯಿದ್ದು, ಕೆಟ್ಟ ವಾಸನೆ ಇಲ್ಲದಿದ್ದರೆ ಯೀಸ್ಟ್ ಇರಬಹುದು. ಮೀನಿನ ವಾಸನೆ ಬಂದರೆ, ಹಳದಿ-ಹಸಿರು ಬಣ್ಣ ಇದ್ದರೆ ಬೇರೆಯದೇ ಇರಬಹುದು. ಖಚಿತವಾಗಿ ಹೇಳಬೇಕಾದವರು ನೋಡಿದ ಡಾಕ್ಟರು, ಕೌಂಟರಿನಲ್ಲಿ ನಿಂತ ನಾನಲ್ಲ. ಬಸುರಿಯರು ಫ್ಲುಕೊನಜೋಲ್ ಮಾತ್ರೆಯನ್ನು ತಾವಾಗಿಯೇ ನುಂಗಲೇಬಾರದು. ಅವರಿಗೆ ಸಾಮಾನ್ಯವಾಗಿ ಒಳಗೆ ಇಡುವ ಕ್ಲೋಟ್ರಿಮಜೋಲ್ ಕೊಡುತ್ತಾರೆ.

ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಮಧುಮೇಹ ಹತೋಟಿ ತಪ್ಪಿದರೆ ಯೀಸ್ಟಿಗೆ ಹಬ್ಬ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳಿಂದಲೂ ಈ ಸೋಂಕು ಹೆಚ್ಚುತ್ತದೆ. ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಇವನ್ನು ತೆಗೆದುಕೊಳ್ಳುವವರು ಹೆಚ್ಚಿದ್ದಾರೆ, ಈ ತೊಂದರೆಯ ಬಗ್ಗೆ ಅವರಿಗೆ ಹೇಳುವವರು ಕಡಿಮೆ. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ.

ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಕೊಡುವುದು ಒಳ್ಳೆಯ ಕೆಲಸ. ಆ ದಿನ ತಾಯಂದಿರೂ ಅಲ್ಲಿರುತ್ತಾರೆ. ಈ ಮಾತ್ರೆ ಬಿಳಿಸೆರಗಿಗೆ ಅಲ್ಲ ಎಂದು ಆಶಾ ಕಾರ್ಯಕರ್ತೆಯರಿಂದ ಒಂದು ಮಾತು ಹೇಳಿಸಲು ಆರೋಗ್ಯ ಇಲಾಖೆಗೆ ಖರ್ಚೇನೂ ಇಲ್ಲ. ನನ್ನ ಸಹವ್ಯಾಪಾರಿಗಳೂ ಹುಳದ ಮಾತ್ರೆ ಕೊಡುವ ಮೊದಲು "ಯಾರಿಗೆ, ಯಾತಕ್ಕೆ?" ಎಂದು ಕೇಳಲಿ.

— ಒಬ್ಬ ಫಾರ್ಮಸಿಸ್ಟ್, ಹಾಸನ ಜಿಲ್ಲೆ