ಶನಿವಾರದ 2016ರ ಬೋರ್ಡೋ: ಬರುವ ಮುನ್ನ ಓದಿ

ಗೆಳೆಯರೇ, ಶನಿವಾರ ನಾವು ಸವಿಯಲಿರುವುದು ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್. ಬಾಟಲಿ ಮೇಲಿನ 2016 ದ್ರಾಕ್ಷಿ ಕೊಯ್ದ ವರ್ಷ, ಬಾಟಲಿಗೆ ತುಂಬಿದ ವರ್ಷವಲ್ಲ. ಆ ವರ್ಷ ಬೋರ್ಡೋದಲ್ಲಿ ವಸಂತವಿಡೀ ಮಳೆ, ಬೇಸಿಗೆಯಲ್ಲಿ ಕಡು ಒಣಹವೆ. ಬಳ್ಳಿಗಳು ನೆಲದಾಳದ ತೇವ ಹೀರಿ ಹಿಡಿದುಕೊಂಡವು. ಸೆಪ್ಟೆಂಬರ್ ಮಧ್ಯದ ಮಳೆ ಜೀವ ಕೊಟ್ಟಿತು. ತಂಪು ರಾತ್ರಿಗಳಿಂದ ಹಣ್ಣಿನ ಹುಳಿ ಉಳಿಯಿತು. ನನಗೆ ಈ ವೈನ್ ಇಷ್ಟವಾಗುವುದೇ ಆ ಹುಳಿಯಿಂದ.

ಬಣ್ಣ, ಒಗರು ಬರುವುದು ಮುಖ್ಯವಾಗಿ ಸಿಪ್ಪೆಯಿಂದ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ಅಂಚು ನೋಡಿ: ನೇರಳೆ ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ. ಗುಟುಕನ್ನು ನಾಲಿಗೆ ಮೇಲೆ ಹೊರಳಿಸಿ. ಒಸಡು ಬಿಗಿದಂತಾದರೆ ಅದು ಟ್ಯಾನಿನ್, ಅಂದರೆ ಆ ಒಗರಿನ ಅಂಶ.

ಗಾಳಿಯಾಡಲೆಂದು ಎರಡು ಗಂಟೆ ಮೊದಲೇ ಬಾಟಲಿಯಿಂದ ಅಗಲ ಪಾತ್ರೆಗೆ ಸುರಿದು, 16–18 ಡಿಗ್ರಿಯಲ್ಲಿ ಇಡುತ್ತೇನೆ. ವೈನಿನ ಪರಿಮಳ ತಿಳಿಯಬೇಕು, ಹಾಗಾಗಿ ದಯವಿಟ್ಟು ಯಾರೂ ಸೆಂಟ್ ಹಾಕಿಕೊಂಡು ಬರಬೇಡಿ.