ದ್ವಿವೇದಿ ಬರೀ ವ್ಯಾಕರಣದ ಮೇಷ್ಟ್ರಲ್ಲ

ಮಾನ್ಯ ಸಂಪಾದಕರೇ,

ಹಿಂದಿ ಗದ್ಯ ಬೆಳೆದು ಬಂದ ದಾರಿಯ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಭಾರತೇಂದು ಹರಿಶ್ಚಂದ್ರರ ಬಗ್ಗೆ, ಪ್ರೇಮಚಂದರ ಬಗ್ಗೆ ಧಾರಾಳವಾಗಿ ಬರೆದ ಲೇಖಕರು 'ಸರಸ್ವತಿ' ಎಂಬ ಹಿಂದಿ ಮಾಸಿಕದ ಸಂಪಾದಕರಾಗಿದ್ದ ಮಹಾವೀರ ಪ್ರಸಾದ ದ್ವಿವೇದಿಯವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ವ್ಯಾಕರಣದ ಬೆತ್ತ ಹಿಡಿದು ಕೂತು ಹಿಂದಿ ಕವಿತೆಯ ರಸ ಬತ್ತಿಸಿದವರು ಎಂಬ ಅರ್ಥ ಬರುವ ಸಾಲು ಅದು. ನಾನು ಬಹುಕಾಲ ಅಚ್ಚುಕೂಟದಲ್ಲಿ ಕರಡು ತಿದ್ದಿ ಸಂಸಾರ ನಡೆಸಿದವನು. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಕೂತದ್ದರಿಂದ ಹಿಂದಿಯೂ ಒಂದಿಷ್ಟು ಬರುತ್ತದೆ. ತಿದ್ದುವವನು ತಿದ್ದುವವರ ಪರವೇ ವಕಾಲತ್ತು ಹಾಕುತ್ತಾನೆ ಎಂದು ಯಾರು ನಕ್ಕರೂ ಸರಿ, ಈ ಸಾಲನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ದ್ವಿವೇದಿ ಹುಟ್ಟಿದ್ದು 1864ರಲ್ಲಿ, ರಾಯಬರೇಲಿ ಜಿಲ್ಲೆಯ ದೌಲತಪುರದಲ್ಲಿ. ಇಂಗ್ಲಿಷ್ ಕಲಿಯಬೇಕೆಂದು ಹದಿಮೂರರ ಹುಡುಗ ಊರಿನಿಂದ 26 ಮೈಲಿ ದೂರದ ರಾಯಬರೇಲಿಗೆ ಹಿಟ್ಟು, ಬೇಳೆಯ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ. ರೊಟ್ಟಿ ತಟ್ಟಲು ಬಾರದು. ಹಿಟ್ಟನ್ನೇ ಉಂಡೆ ಮಾಡಿ, ಕುದಿಯುವ ಬೇಳೆಗೆ ಹಾಕಿ ಬೇಯಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಓದು ಹೆಚ್ಚು ದೂರ ಸಾಗಲಿಲ್ಲ. ತಂತಿ ಕಳಿಸುವುದನ್ನು ಕಲಿತು ರೈಲ್ವೆ ಸೇರಿದರು. ಊರೂರು ಸುತ್ತಿ, ಬಡ್ತಿ ಪಡೆಯುತ್ತ ಝಾನ್ಸಿಗೆ ಬಂದರು. ಸಂಸ್ಕೃತ, ಮರಾಠಿ, ಗುಜರಾತಿ, ಬಂಗಾಳಿಗಳನ್ನು ಕಲಿತದ್ದು ನೌಕರಿಯ ನಡುವೆ ಸಿಕ್ಕ ಬಿಡುವಿನಲ್ಲಿ.

ಝಾನ್ಸಿಯಲ್ಲಿ ಹೊಸ ಸಾಹೇಬನೊಬ್ಬ ಬಂದ. ದಿನಾ ಬೆಳಗ್ಗೆ ಎಂಟಕ್ಕೇ ಕಚೇರಿಗೆ ಬರಬೇಕು, ಕೈಕೆಳಗಿನವರನ್ನೂ ಬರಿಸಬೇಕು ಎಂದು ಹುಕುಂ ಮಾಡಿದ. ನಾನು ಬರುತ್ತೇನೆ, ಬೇರೆಯವರನ್ನು ಬಲವಂತ ಮಾಡಲಾರೆ ಎಂದರು ದ್ವಿವೇದಿ. ಮಾತಿಗೆ ಮಾತು ಬೆಳೆದು ರಾಜೀನಾಮೆ ಬಿಸಾಕಿ ಬಂದರು. ವಾಪಸು ತೆಗೆದುಕೊಳ್ಳಿ ಎಂದು ಬೇಡಿಕೊಂಡವರು ಹಲವರು. ಅವರು ಹೋಗಿ ಹೆಂಡತಿಯನ್ನು ಕೇಳಿದರು. ಆಕೆ ತಿರುಗಿ ಕೇಳಿದ್ದು ಇಷ್ಟೇ: ಉಗುಳಿದ್ದನ್ನು ಯಾರಾದರೂ ನೆಕ್ಕುತ್ತಾರೆಯೇ? ಅಲ್ಲಿಗೆ ಕೈತುಂಬ ಸಂಬಳದ ಋಣ ಹರಿಯಿತು. ಅಷ್ಟರಲ್ಲಾಗಲೇ ಅವರು 'ಸರಸ್ವತಿ' ಮಾಸಿಕದ ಸಂಪಾದಕರಾಗಿದ್ದರು. ಅದರಿಂದ ತಿಂಗಳಿಗೆ ಬರುತ್ತಿದ್ದದ್ದು 20 ರೂಪಾಯಿ, ಜೊತೆಗೆ ಅಂಚೆ ಖರ್ಚಿಗೆಂದು 3 ರೂಪಾಯಿ. ಅದರಲ್ಲೇ ಬದುಕುವುದೆಂದು ಗಂಡ ಹೆಂಡತಿ ನಿಶ್ಚಯಿಸಿಕೊಂಡರು.

ಆ ಸಂಪಾದಕತ್ವ ಸಿಕ್ಕಿದ ಬಗೆಯೂ ಸ್ವಾರಸ್ಯದ್ದೇ. ಅಲಹಾಬಾದಿನ ಇಂಡಿಯನ್ ಪ್ರೆಸ್ ಹೊರತಂದಿದ್ದ ಶಾಲಾ ಪಠ್ಯವೊಂದರ ತಪ್ಪುಗಳನ್ನು ದ್ವಿವೇದಿ ಬಹಿರಂಗವಾಗಿ ಎತ್ತಿ ಆಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಪ್ರೆಸ್ಸಿನ ಒಡೆಯ ಚಿಂತಾಮಣಿ ಘೋಷ್ ಮಾತ್ರ, ಇಷ್ಟು ತಪ್ಪು ಹಿಡಿಯಬಲ್ಲವನ ಕೈಗೇ ತಮ್ಮ ಪತ್ರಿಕೆ ಇರಲಿ ಎಂದು 1903ರಲ್ಲಿ 'ಸರಸ್ವತಿ'ಯನ್ನು ಒಪ್ಪಿಸಿದರು. 1920ರವರೆಗೂ ಅದು ಅವರ ಕೈಯಲ್ಲೇ ಇತ್ತು. ಮೊದಮೊದಲು ಬರೆಯುವವರೇ ಸಿಗುತ್ತಿರಲಿಲ್ಲ. ಬೇರೆ ಬೇರೆ ಹೆಸರಿಟ್ಟುಕೊಂಡು ತಾವೇ ಪುಟ ತುಂಬಿಸಿದರು. ಒಮ್ಮೆ ಕಲ್ಲೂ ಅಲ್ಹೈತ್, ಇನ್ನೊಮ್ಮೆ ಭುಜಂಗಭೂಷಣ ಭಟ್ಟಾಚಾರ್ಯ! ಸಂಚಿಕೆ ತಡವಾಗುವುದೆಂದರೆ ಅವರಿಗೆ ಆಗದು. ಯಂತ್ರ ಕೆಟ್ಟರೆ ಅದು ಒಡೆಯರ ಹೊಣೆ, ಹಸ್ತಪ್ರತಿ ತಲುಪದಿದ್ದರೆ ನನ್ನದು ಎನ್ನುತ್ತಿದ್ದರು. ಕಾಯಿಲೆ ಬಿದ್ದರೂ ಪತ್ರಿಕೆ ನಿಲ್ಲಬಾರದೆಂದು ಆರು ತಿಂಗಳಿಗಾಗುವಷ್ಟು ಬರಹ ಮುಂಗಡ ಸಿದ್ಧವಿಟ್ಟುಕೊಳ್ಳುತ್ತಿದ್ದರು. ಅಚ್ಚುಕೂಟದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆರು ದಿನಕ್ಕಾಗುವಷ್ಟು ಬರಹ ಮುಂಚಿತವಾಗಿ ಕೈಗೆ ಸಿಗುವುದೂ ಪುಣ್ಯ.

ಇನ್ನು ತಿದ್ದುವ ಮಾತು. ಖಡೀಬೋಲಿ, ಅಂದರೆ ಇವತ್ತಿನ ಹಿಂದಿಗೆ ಬುನಾದಿಯಾದ ಆಡುನುಡಿ, ಅದರ ಗದ್ಯ ಆಗಿನ್ನೂ ಹದಗೊಂಡಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಾಗುಣಿತ, ಒಂದೊಂದು ವಾಕ್ಯಕ್ರಮ. ಬಂದ ಪ್ರತಿಗಳನ್ನು ದ್ವಿವೇದಿ ಸಾಲುಸಾಲು ತಿದ್ದಿದರು. ಹಾಗೆ ತಿದ್ದಿದ ಹಸ್ತಪ್ರತಿಗಳನ್ನು ಕಾಶಿಯ ನಾಗರೀ ಪ್ರಚಾರಿಣೀ ಸಭೆಗೆ ಒಪ್ಪಿಸಿದರು. ಅವರ ಕೈ ಎಲ್ಲೆಲ್ಲಿ ಆಡಿದೆ ಎಂಬುದನ್ನು ಇವತ್ತು ಹೇಳಲು ಸಾಧ್ಯವಾಗಿರುವುದು ಆ ಪ್ರತಿಗಳಿಂದಲೇ. ನಮ್ಮಲ್ಲಿ ಹಿಂದಿ ಪರೀಕ್ಷೆ ಬರೆದವರಿಗೆ ಜುಮ್ಮನ್ ಶೇಖ್, ಅಲಗೂ ಚೌಧರಿಯರ 'ಪಂಚ ಪರಮೇಶ್ವರ' ಕತೆ ನೆನಪಿರಬಹುದು. 1916ರಲ್ಲಿ 'ಸರಸ್ವತಿ'ಯಲ್ಲೇ ಅಚ್ಚಾದ ಕತೆ ಅದು. ಪ್ರೇಮಚಂದರು ಇಟ್ಟು ಕಳಿಸಿದ್ದ ಹೆಸರು 'ಪಂಚೋಂ ಮೇಂ ಈಶ್ವರ್'. ಅದನ್ನು ಬದಲಿಸಿದ್ದು ದ್ವಿವೇದಿ. ನಿಮ್ಮ ಲೇಖಕರು ಹೊಗಳಿರುವ ಗುಲೇರಿಯವರ 'ಉಸ್ನೇ ಕಹಾ ಥಾ' ಕೂಡ ಇದೇ ಪತ್ರಿಕೆಯಲ್ಲಿ, 1915ರಲ್ಲಿ ಬಂತು. ಬೆಂಗಳೂರಿನಲ್ಲಿ ನಮ್ಮ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷ ಅದು. ಕತೆ ಹೊಗಳಿ, ಅದನ್ನು ಅಚ್ಚು ಹಾಕಿದವರನ್ನು ಬೆತ್ತದ ಮೇಷ್ಟ್ರು ಎಂದರೆ ಹೇಗೆ?

ತಿದ್ದಿದವರು ತಿದ್ದಿಸಿಕೊಂಡದ್ದೂ ಉಂಟು. 1905ರಲ್ಲಿ ಭಾಷೆ ಮತ್ತು ವ್ಯಾಕರಣ ಕುರಿತು ಅವರೊಂದು ಲೇಖನ ಬರೆದಾಗ ಕಲ್ಕತ್ತೆಯ 'ಭಾರತಮಿತ್ರ' ಪತ್ರಿಕೆಯ ಬಾಲಮುಕುಂದ ಗುಪ್ತರು 'ಆತ್ಮಾರಾಮ' ಎಂಬ ಹೆಸರಿನಲ್ಲಿ ಕಂತು ಕಂತಾಗಿ ಅವರ ಚಳಿ ಬಿಡಿಸಿದರು. ಹಿಂದಿ ಪತ್ರಿಕೆಗಳಲ್ಲಿ ಅಷ್ಟು ಕಾವೇರಿದ, ಅಷ್ಟು ನಗಿಸಿದ ಜಗಳಗಳು ಕಡಿಮೆ.

ಆದರೆ ನಾನು ಈ ಪತ್ರಕ್ಕೆ ಕೂತದ್ದು 1914ರ ಸೆಪ್ಟೆಂಬರ್ ಸಂಚಿಕೆಗಾಗಿ. ಅದರಲ್ಲಿ ಹೀರಾ ಡೋಮ್ ಎಂಬುವರ 'ಅಛೂತ್ ಕೀ ಶಿಕಾಯತ್' ಎಂಬ ಪದ್ಯವಿದೆ. ಅಸ್ಪೃಶ್ಯನೊಬ್ಬ ದೇವರಿಗೇ ದೂರು ಕೊಡುವ ಪದ್ಯ. ಕಂಬ ಒಡೆದು ಪ್ರಹ್ಲಾದನನ್ನು ಕಾಪಾಡಿದೆ, ಮೊಸಳೆಯ ಬಾಯಿಂದ ಆನೆಯನ್ನು ಬಿಡಿಸಿದೆ, ದ್ರೌಪದಿಗೆ ಸೀರೆ ಕೊಟ್ಟೆ, ಬೆರಳ ತುದಿಯಲ್ಲಿ ಬೆಟ್ಟ ಎತ್ತಿದೆ; ನಮ್ಮ ಕೂಗು ಮಾತ್ರ ನಿನಗೇಕೆ ಕೇಳುತ್ತಿಲ್ಲ, ಡೋಮ ಜಾತಿಯವನೆಂದು ಗೊತ್ತಾಗಿ ಮುಟ್ಟಲು ನೀನೂ ಹೆದರುತ್ತೀಯಾ ಎಂದು ಕೇಳುತ್ತದೆ. ಈ ಪದ್ಯ ಇರುವುದು ಅಪ್ಪಟ ಭೋಜಪುರಿಯಲ್ಲಿ. ಒಂದು ವಿಭಕ್ತಿ ಪ್ರತ್ಯಯ ತಪ್ಪಿದರೂ ಬಿಡದವರೆಂದು ಹೆಸರಾದ ಸಂಪಾದಕರು ಅದನ್ನು ಖಡೀಬೋಲಿಗೆ ಎಳೆಯದೆ ಭೋಜಪುರಿಯಲ್ಲೇ ಅಚ್ಚು ಹಾಕಿದರು. ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಗೊತ್ತಿದ್ದವರನ್ನು ಬರೀ ವ್ಯಾಕರಣದ ಮೇಷ್ಟ್ರು ಎನ್ನಲು ನನಗೆ ನಾಲಿಗೆ ಬಾರದು. ಹಿಂದಿಯ ದಲಿತ ಕವಿತೆಯ ಚರಿತ್ರೆಯನ್ನು ಹಲವರು ಆರಂಭಿಸುವುದೇ ಈ ಪುಟದಿಂದ.

ಲೇಖಕರ ದೂರಿನಲ್ಲಿ ಹುರುಳೇ ಇಲ್ಲ ಎನ್ನುತ್ತಿಲ್ಲ. ದ್ವಿವೇದಿಯವರ ಸ್ವಂತ ಪದ್ಯಗಳು ಒಣಕಲು, ನಾನೂ ಓದಿ ಮುಗಿಸಲಾರೆ. ಕವಿ ನಿರಾಲಾರ ಶೃಂಗಾರದ ಪದ್ಯ 'ಜುಹೀ ಕೀ ಕಲೀ'ಯನ್ನು ಹಿಂದಿರುಗಿಸಿದರು ಎಂಬ ಮಾತಿದೆ. ಛಾಯಾವಾದ ಎಂಬ ಹೊಸ ಕಾವ್ಯಪಂಥದ ಹುಡುಗರ ಮೇಲೆ 1927ರಲ್ಲಿ 'ಸುಕವಿ ಕಿಂಕರ' ಎಂಬ ಮರೆಹೆಸರಿನಲ್ಲಿ ಹರಿಹಾಯ್ದದ್ದಂತೂ ನಿಜ. ಹೊಸದು ಬಂದಾಗ ಅದನ್ನು ಕೇಳುವ ಕಿವಿ ಅವರಿಗಿರಲಿಲ್ಲ. ಶೃಂಗಾರದ ಬಗ್ಗೆ ಅಷ್ಟು ಬಿಗಿಯಾಗಿದ್ದವರು ಹಿಂದೆ ದುಡ್ಡಿನಾಸೆಗೆ ಅಂಥದೇ ಪುಸ್ತಕ ಬರೆದು, ಹೆಂಡತಿ ಬೈದು ಅದನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದ ಕತೆಯನ್ನು ತಾವೇ ಹೇಳಿಕೊಂಡಿದ್ದಾರೆ. ಆ ಹೆಂಡತಿ ತೀರಿಕೊಂಡ ಮೇಲೆ ದೌಲತಪುರದಲ್ಲಿ ಗುಡಿ ಕಟ್ಟಿಸಿ, ಲಕ್ಷ್ಮಿ ಸರಸ್ವತಿಯರ ನಡುವೆ ಆಕೆಯ ಮೂರ್ತಿ ಇಟ್ಟರು. ಊರವರು ಆಡಿಕೊಂಡರು. ಇವರು ಸೊಪ್ಪು ಹಾಕಲಿಲ್ಲ.

ಅವರು ತೀರಿಕೊಂಡದ್ದು 1938ರ ಡಿಸೆಂಬರಿನಲ್ಲಿ. ತಮ್ಮ ಬದುಕಿನ ಬಗ್ಗೆ ಅವರು ಬರೆದದ್ದು ಕೆಲವೇ ಪುಟ, ಬೇಳೆಗೆ ಹಾಕಿದ ಹಿಟ್ಟಿನುಂಡೆಯೂ ಝಾನ್ಸಿಯ ರಾಜೀನಾಮೆಯೂ ಬರುವುದು ಅದರಲ್ಲೇ. ಯಾರಿಂದಲಾದರೂ ಕನ್ನಡ ಮಾಡಿಸಿದರೆ ನಿಮ್ಮ ಪುರವಣಿಗೆ ಅಳತೆಗೆ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಹೀರಾ ಡೋಮರ ಪದ್ಯವನ್ನೂ ಹಾಕಿ. ಅದನ್ನು ಮಾತ್ರ ಭೋಜಪುರಿ ಬಲ್ಲವರಿಂದಲೇ ಮಾಡಿಸಿ, ನನ್ನಂಥ ಪರೀಕ್ಷೆ ಹಿಂದಿಯವರಿಂದ ಆಗುವ ಕೆಲಸವಲ್ಲ ಅದು.

ಇಂತಿ,
ನಿವೃತ್ತ ಕರಡು ತಿದ್ದುಗ, ಹುಬ್ಬಳ್ಳಿ